ಮಾವನ ಒಂದೇ ಕರಟ

ನಮ್ಮ ಸೋದರಮಾವನಂಥ ಪುಕ್ಕಲರು ಇಡೀ ಹೊಳೆನರಸೀಪುರದಲ್ಲಿ ಇನ್ನೊಬ್ಬರಿರಲಿಲ್ಲ. ಕಸುಬೇನು ಅಂತೀರಿ? ಬಾಣ ಬಿರುಸು ಮಾಡುವುದು!

ಅರಕಲಗೂಡಿನಿಂದ ಎರಡು ಚೀಲ ಇದ್ದಿಲು ತರಬೇಕಾದರೆ ಒಂದೊಂದು ಚೀಲವನ್ನು ಒಂದೊಂದು ಬಸ್ಸಿಗೆ ಹಾಕಿಸಿ, ತಾವು ಮೂರನೆಯದರಲ್ಲಿ ಬರುತ್ತಿದ್ದರು. "ಬಸ್ಸು ಮಗುಚಿದ್ರೆ ಒಂದು ಚೀಲಾನಾದ್ರೂ ಉಳೀತದೆ!" ಮದುವೆಮನೆಯಲ್ಲಿ ಎಲೆಗೆ ಒಂದು ಹಿಡಿಗಿಂತ ಹೆಚ್ಚು ಅನ್ನ ಬಿದ್ದರೆ ಮುಖ ಸಿಂಡರಿಸುವರು. ಅದು ಮುಗಿದ ಮೇಲೆ ಇನ್ನೊಂದು ಹಿಡಿ. ಬಡಿಸುವವರು ಅವರ ಸಾಲನ್ನು ಕಂಡರೆ ಪಾತ್ರೆಸಮೇತ ಪರಾರಿ!

ಮದ್ದಿನ ವಿಷಯದಲ್ಲಂತೂ ಕೇಳಲೇಬೇಡಿ. ಮದ್ದು ಅರೆಯುವ ಕೊಟ್ಟಿಗೆಗೂ ಅದನ್ನು ಬಿರುಸಿನ ಕುಡಿಕೆಗಳಿಗೆ ತುಂಬುವ ಚಪ್ಪರಕ್ಕೂ ಎಂಬತ್ತು ಹೆಜ್ಜೆ. ಒಂದು ಸಲಕ್ಕೆ ಒಂದೇ ತೆಂಗಿನ ಕರಟದಷ್ಟು ಅರೆಯಬೇಕು, ಅದನ್ನು ಒಯ್ದು ಕೊಡಬೇಕು. ಅದು ಖಾಲಿಯಾಗುವವರೆಗೆ ಇನ್ನೊಂದಿಲ್ಲ. ಕುಡಿಕೆ ತುಂಬುವ ಕೆಂಪಮ್ಮ ಅರ್ಧ ದಿನ ಕೈಕಟ್ಟಿ ಕೂರುತ್ತಿದ್ದಳು.

"ಒಂದು ಕರಟ ಬರೋ ಒತ್ಗೆ ನಂಗೊಂದು ನಿದ್ದೆ ಆಯ್ತದೆ ಸಾಮಿ!"

ಯುದ್ಧ ಮುಗಿದ ವರ್ಷ ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಅವರ ಮನೆಗೆ ಬಂದಿದ್ದೆ. ಚನ್ನರಾಯಪಟ್ಟಣದ ಕಡೆಯ ಗೌಡರೊಬ್ಬರ ಮನೆ ಮದುವೆಗೆ ಆರುನೂರು ಬಿರುಸು ಬೇಕಿತ್ತು. ಉಳಿದದ್ದು ಮೂರೇ ದಿನ. ನನ್ನ ತಲೆ ಓಡಿತು. ಐದು ಕರಟದಷ್ಟನ್ನು ಒಟ್ಟಿಗೆ ಒಯ್ದರೆ ಓಡಾಟ ಐದರಲ್ಲೊಂದು ಪಾಲು! ಮಾವನ ಕಣ್ಣು ತಪ್ಪಿಸಿ ಐದು ಕರಟದಷ್ಟು ಅರೆದಿಟ್ಟೆ. ಅವರು ಸ್ನಾನಕ್ಕೆ ಹೊಳೆಗೆ ಹೋದದ್ದೇ ತಡ, ಅದನ್ನೆಲ್ಲ ಕಬ್ಬಿಣದ ಬಾಂಡ್ಲಿಗೆ ಸುರಿದು ಹೊತ್ತು ಹೊರಟೆ.

ಅರ್ಧ ದಾರಿಯಲ್ಲಿ ಮಾವ. ಒದ್ದೆ ಪಂಚೆ ಇನ್ನೂ ತೊಟ್ಟಿಕ್ಕುತ್ತಿತ್ತು.

"ಇಳಿಸ್ಲಾ. ಮೆಲ್ಲಗೆ. ಕೆಂಪಮ್ಮಾ, ಆಚೆ ಓಗು!"

ಚಪ್ಪಡಿ ಕಲ್ಲಿನ ಮೇಲೆ ಇಳಿಸಿದೆ. "ಮಾವ, ಹೊತ್ತು ಉಳೀತದೆ ಅಂತ..."

"ನೀನೂ ಓಗ್ಲಾ ಆಚೆ!"

ಹುಣಸೆಮರದ ಮರೆಯಿಂದ ನೋಡುತ್ತಿದ್ದೆ. ಮಾವ ಖಾಲಿ ಕರಟಗಳನ್ನು ತಂದರು. ಒಂದನ್ನು ತುಂಬಿ ದೂರದ ಬಾವಿಕಟ್ಟೆಯ ಬಳಿ ಇಟ್ಟು, ಮೇಲೆ ಒದ್ದೆ ಗೋಣಿ ಹೊದಿಸಿ ಬಂದರು. ನಾನು ಎಣಿಸಿದೆ. ಒಂದು. ಎರಡು. ಬೇಗ ಬೇಗ ಮಾಡಬಾರದೇ ಈ ಮನುಷ್ಯ! ಮೂರು. ನಾಲ್ಕು. ಉಳಿದ ಒಂದು ಕರಟದಷ್ಟನ್ನು ಸುರಿದುಕೊಳ್ಳಲು ಬಾಂಡ್ಲಿಯನ್ನು ವಾರೆ ಮಾಡಿದರು. ಕಬ್ಬಿಣ ಕಲ್ಲಿಗೆ ಉಜ್ಜಿತು. ಕಿಡಿ. ಬುಸ್ಸೆಂದು ಬೆಳಕು, ಹೊಗೆ, ಆಮೇಲೆ ಕೆಂಪಮ್ಮನ ಕೂಗು.

ಈಗಲೂ ಎಲ್ಲಾದರೂ ಪಾತ್ರೆ ಕಲ್ಲಿಗೆ ತಗುಲಿದರೆ ಸಾಕು, ನಾನು ಎಣಿಸತೊಡಗುತ್ತೇನೆ. ನಾಲ್ಕರ ಮುಂದಕ್ಕೆ ಹೋಗಲಾರೆ.

ಹಾಸನದ ಆಸ್ಪತ್ರೆಯಲ್ಲಿ ಮಾವನ ಬಲಗೈಗೆ ಮೊಣಕೈವರೆಗೂ ಬಟ್ಟೆ ಸುತ್ತಿದ್ದರು. ಹುಬ್ಬುಗಳೇ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರೇ ಅಂದರು: "ಒಂದು ಕರಟಕ್ಕೆ ಒಂದು ಕೈ ಓಯ್ತದೆ ಕಣ್ಲಾ. ಐದಕ್ಕೆ ಆಳೇ ಓಯ್ತಾನೆ."

ಗೌಡರ ಮನೆಗೆ ಇನ್ನೂರೇ ಬಿರುಸು ಹೋದವು. ಅವನ್ನು ತುಂಬಲು ಕೆಂಪಮ್ಮ ತಾನೇ ಒಂದೊಂದೇ ಕರಟ ಮದ್ದು ಹೊತ್ತಳಂತೆ.

ಆಸ್ಪತ್ರೆಯಲ್ಲಿ ಮಾವನಿಗೆ ಉಣ್ಣಿಸಲು ನಾನೇ ಕೂತೆ. ಮೊದಲ ತುತ್ತು ದೊಡ್ಡದಾಯಿತು.

"ಸಣ್ಣದು ಮಾಡ್ಲಾ, ಬಿ.ಎ.!"

ಸಣ್ಣದು ಮಾಡಿದೆ. ಅವರು ನುಂಗುವವರೆಗೂ ಕಾದೆ. ಆಮೇಲೆ ಇನ್ನೊಂದು.