ಹೇಳಿ ಮಾಡಿಸಿದ ಸೈಕಲ್ಲು

ಬೆಸುಗೆ ಬಿಟ್ಟು ಸೈಕಲ್ಲು ನಡುರಸ್ತೆಯಲ್ಲಿ ಎರಡು ತುಂಡಾಗಬಹುದಿತ್ತು. ಸೆರಗು ಚೈನಿಗೆ ಸಿಕ್ಕಿಕೊಳ್ಳಬಹುದಿತ್ತು. ಬ್ರೇಕು ಹಿಡಿಯದೆ ಶೇಂಗಾ ತುಂಬಿದ ಲಾರಿಯ ಬೆನ್ನಿಗೆ ಹೋಗಿ ಗುದ್ದಬಹುದಿತ್ತು. ಇಲ್ಲವೇ ಬ್ರೇಕು ವಿಪರೀತ ಹಿಡಿದು, ಸೈಕಲ್ಲು ನಿಂತು, ಕೂತವರು ಮಾತ್ರ ಮುಂದಕ್ಕೆ ಹೋಗಬಹುದಿತ್ತು. ಜಾಲಿಮುಳ್ಳು ಎರಡು ಚಕ್ರಕ್ಕೂ ಒಂದೇ ಸಲ ಚುಚ್ಚಬಹುದಿತ್ತು. ನೀಲಿ ಬಣ್ಣ ಹೇಳಿದ್ದಕ್ಕೆ ಹಸಿರು ಬಳಿಯಬಹುದಿತ್ತು. ಅಳತೆಯ ಚೀಟಿ ಕಳೆದುಹೋಗಿ ಬೇರೆ ಯಾರದೋ ಕಾಲಿಗೆ ಹೊಂದುವ ಸೈಕಲ್ಲು ನಮ್ಮ ಮನೆಗೆ ಬರಬಹುದಿತ್ತು. ಮಾಡುವವನೇ ಅಂಗಡಿಗೆ ಬೀಗ ಹಾಕಿಕೊಂಡು ರಾಯದುರ್ಗದ ಮಾವನ ಮನೆ ಸೇರಿಬಿಡಬಹುದಿತ್ತು. ಇದ್ಯಾವುದೂ ಆಗದಿದ್ದರೂ, ಕೊನೇ ಪಕ್ಷ, ಬಸ್ಸಿನ ಟಾಪಿನಿಂದ ಕೆಳಗೆ ಬೀಳಬಹುದಿತ್ತು. ಇವನ್ನೆಲ್ಲ ನಾನು ಹನ್ನೊಂದು ತಿಂಗಳು ಒಂದೊಂದಾಗಿ, ಯಾವುದಕ್ಕೂ ಅನ್ಯಾಯವಾಗದಂತೆ ಸರದಿಯ ಮೇಲೆ ಯೋಚಿಸಿದ್ದೇನೆ. ಎಲ್ಲರೂ ಚಿಂತೆ ಮಾಡುತ್ತಾರಂತೆ, ನಾನು ಮಾತ್ರ ಚಿಂತೆಯನ್ನು ಹುಲ್ಲು ನೀರು ಹಾಕಿ ಸಾಕುತ್ತೇನಂತೆ. ಇದು ನನ್ನ ಹೆಂಡತಿ ಗಿರಿಜಾ ಹೇಳುವ ಮಾತು.

ಸೈಕಲ್ಲು ಬೇಕಾಗಿದ್ದುದು ಅವಳಿಗೇ. ಚಳ್ಳಕೆರೆಯಿಂದ ಐದು ಕಿಲೋಮೀಟರ್ ಆಚೆಯ ಹಟ್ಟಿಯೊಂದರ ಶಾಲೆಯಲ್ಲಿ ಅವಳು ಟೀಚರು. ಆ ಹಟ್ಟಿಗೆ ಬಸ್ಸಿಲ್ಲ. ದಿನಾ ಬೆಳಗ್ಗೆ ನನ್ನ ಸ್ಕೂಟರಿನ ಹಿಂದೆ ಕೂತು ಹೋಗಬೇಕು. ನಾನು ಸ್ಕೂಟರನ್ನು ಹುಷಾರಾಗಿ ಓಡಿಸುವವನು. ಗುಂಡಿ ಕಂಡರೆ ನಿಧಾನ ಮಾಡುತ್ತೇನೆ, ಕಾಣದಿದ್ದರೆ ಎಲ್ಲಿ ಅಡಗಿದೆಯೋ ಎಂದು ಇನ್ನೂ ನಿಧಾನ ಮಾಡುತ್ತೇನೆ. "ನಿಮ್ಮ ಹಿಂದೆ ಕೂತ್ರೆ ನಾವು ಶಾಲೆಗೆ ಹೋಗಲ್ಲ, ಶಾಲೆನೇ ಇತ್ಲಾಗೆ ಬರ್ಲಿ ಅಂತ ಕಾಯ್ಬೇಕು ನೋಡ್ರಿ," ಎನ್ನುತ್ತಾಳೆ. ಕಳೆದ ವರ್ಷ ನನ್ನಿಂದಾಗಿ ಅವಳಿಗೆ ಮೂರು ಸಲ ಪ್ರಾರ್ಥನೆ ತಪ್ಪಿತು. ಇನ್ನೊಂದು ಸಲ ತಪ್ಪಿದರೆ ನೋಟೀಸು ಕೊಡುವುದಾಗಿ ಹೆಡ್ ಮಾಸ್ತರು ಹೇಳಿದರು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಒಂದು ನೋಟೀಸೂ ಪಡೆಯದವಳು ಆ ದಿನ ಮನೆಗೆ ಬಂದು ನನ್ನ ಜೊತೆ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಒಂದೇ ವಾಕ್ಯ: "ನಂಗೊಂದು ಸೈಕಲ್ ಬೇಕು."

ಅವಳಿಗೆ ಸೈಕಲ್ಲು ಹೊಸದಲ್ಲ. ತವರಿನಲ್ಲಿ ಅಣ್ಣನ ಸೈಕಲ್ಲಿಗೆ ಒಳಪೆಡಲ್ ಹೊಡೆದು ಕಲಿತವಳು. ತೊಂದರೆ ಇದ್ದದ್ದು ಎತ್ತರದ್ದು. ಅವಳು ನಾಲ್ಕೂ ಮುಕ್ಕಾಲು ಅಡಿ. ಅಂಗಡಿಯ ಲೇಡೀಸ್ ಸೈಕಲ್ಲುಗಳನ್ನೆಲ್ಲ ಹತ್ತಿ ನೋಡಿದಳು; ಒಂದರಲ್ಲೂ ಕಾಲು ನೆಲ ಮುಟ್ಟಲಿಲ್ಲ. ಮುಟ್ಟಿದ್ದು ಒಂದೇ. ಅದು ಗುಲಾಬಿ ಬಣ್ಣದ್ದು, ಹ್ಯಾಂಡಲಿನ ಎರಡೂ ಕಡೆ ಮಿರಿಮಿರಿ ಮಿಂಚುವ ಜೂಲು ಬೇರೆ. "ಮೂರನೇ ಕ್ಲಾಸಿನ ಹುಡುಗೀರು ತರೋ ಸೈಕಲ್ಲು ಇದು. ಇದ್ರ ಮೇಲೆ ನಾನು ಹೋದ್ರೆ ಮಗ್ಗಿ ಒಪ್ಪಿಸ್ತಾರೇನ್ರಿ ಅವ್ರು?" ಎಂದಳು. ಸ್ಕೂಟಿ ಕೊಡಿಸುತ್ತೇನೆಂದೆ. "ಸಕ್ಕರೆ ಐತೆ, ಕಾಲಾಡ್ಸಿ ಅಂದಿದಾರೆ ಡಾಕ್ಟ್ರು, ಕೈ ತಿರುವಿ ಅಂದಿಲ್ಲ," ಎಂದಳು. ಆಗ ಯಾರೋ ಮೊಳಕಾಲ್ಮೂರಿನ ಓಬಳೇಶಪ್ಪನ ಹೆಸರು ಹೇಳಿದರು.

ಓಬಳೇಶಪ್ಪ ನೇಯ್ಗೆಯವರ ಮನೆಯವನು. ಕುದಾಪುರದ ಕಡೆ ದೊಡ್ಡ ದೊಡ್ಡ ಕಟ್ಟಡ ಏಳುವಾಗ ಗೇಟು ಪೈಪು ಬೆಸೆಯುವ ಕೆಲಸಕ್ಕೆ ಹೋಗಿ ವೆಲ್ಡಿಂಗ್ ಕಲಿತ. ಕಟ್ಟಡಗಳು ಮುಗಿದ ಮೇಲೆ ಊರಿಗೆ ಬಂದು, ಮಗ್ಗವಿದ್ದ ಜಾಗದಲ್ಲೇ ಸೈಕಲ್ಲು ಮಾಡತೊಡಗಿದ. ಒಬ್ಬೊಬ್ಬರ ಮೈಗೆ ಒಂದೊಂದು. ಅವನ ಕಂಪನಿ ಎಂದರೆ ಅವನು, ಒಂದು ಸ್ಟ್ಯಾಂಡು, ಮತ್ತು ಸುಣ್ಣದ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದ ಗಿರಾಕಿಗಳ ಹೆಸರು. ಒಂದೂವರೆ ಗಂಟೆ ಬಸ್ಸಿನಲ್ಲಿ ಕುಲುಕಿಸಿಕೊಂಡು ನಾವಿಬ್ಬರೂ ಅಲ್ಲಿಗೆ ಹೋದೆವು. ಹಿಂದೆ ಮುಂದೆ ಸರಿದಾಡುವ ಒಂದು ಕಬ್ಬಿಣದ ಚೌಕಟ್ಟಿನ ಮೇಲೆ ಗಿರಿಜಾಳನ್ನು ಕೂರಿಸಿ, ದರ್ಜಿಯ ಟೇಪು ಹಿಡಿದು ಅಳತೆ ತೆಗೆದ. ನಾನು ಸುಮ್ಮನಿರಲಿಲ್ಲ. ಬೆನ್ನು ಬಗ್ಗುತ್ತೆ ನೋಡಿ, ಸೀಟು ಇಳಿಸಿ, ಹ್ಯಾಂಡಲು ದೂರವಾಯ್ತು ಎನ್ನುತ್ತಲೇ ಇದ್ದೆ.

"ಸಾರ್, ಸೈಕಲ್ಲು ಅಮ್ಮಾವ್ರಿಗಾ, ನಿಮಗಾ?"

"ಅವಳಿಗೆ."

"ಹಂಗಾದ್ರೆ ನೀವು ಹೋಗಿ ಒಂದು ಟೀ ಕುಡ್ಕಂಡು ಬರ್ರಿ."

ಟೀ ಕುಡಿದು ಬರುವಷ್ಟರಲ್ಲಿ ಅಳತೆ ಮುಗಿದು, ಗೋಡೆಯ ಮೇಲೆ ಆರನೆಯದಾಗಿ ಅವಳ ಹೆಸರು ಬಿದ್ದಿತ್ತು. ಎಷ್ಟು ದಿನವಾಗುತ್ತದೆ ಎಂದು ಕೇಳಿದೆ. "ಅವುತುಂದಿ ಸಾರ್," ಎಂದ. ಅಂದರೆ ಆಗುತ್ತದೆ. ಅವನು ಖಚಿತವಾಗಿ ಹೇಳಬೇಕಾದ್ದನ್ನು ಕನ್ನಡದಲ್ಲಿ, ಖಚಿತವಿಲ್ಲದ್ದನ್ನು ತೆಲುಗಿನಲ್ಲಿ ಹೇಳುತ್ತಾನೆಂದು ನನಗೆ ಆಮೇಲೆ ತಿಳಿಯಿತು. ಕನ್ನಡದಲ್ಲಿ ಹೇಳಿದ್ದು ಅವನ ಕಾನೂನು. "ನಮ್ಮಪ್ಪ ಮಗ್ಗದಿಂದ ಒಂದು ಸೀರೆ ಇಳಿಯೋವರ್ಗೂ ಇನ್ನೊಂದ್ರ ಮಾತೆತ್ತಿದೋನಲ್ಲ. ನಂದೂ ಅಂಗೇ. ಒಂದು ಇಳಿದ ಮೇಲೇ ಇನ್ನೊಂದು. ಇನ್ನೊಂದು ಇಷ್ಯ. ಎಲ್ಲೀಗ್ ಬಂತು ಅಂತ ಫೋನ್ ಮಾಡಬ್ಯಾಡ್ರಿ. ಫೋನ್ ಬಂದ್ರೆ ಬೆಂಕಿ ಆರ್ಸಬೇಕು, ಮುಖದ್ದು ತೆಗೀಬೇಕು, ಕೈದು ತೆಗೀಬೇಕು. ಅದ್ಕೇ ಫೋನ್ ಮಾಡಿದೋರ ಹೆಸರು ಒಂದು ಮನೆ ಹಿಂದಕ್ಕೆ."

ಪ್ರಪಂಚದಲ್ಲಿ ಇನ್ಯಾರಿಗೆ ಬೇಕಾದರೂ ಈ ಕಾನೂನು ಹಾಕಬಹುದು, ನನಗಲ್ಲ. ಸೈಕಲ್ಲು ಬರುವವರೆಗೆ ಪ್ರಾರ್ಥನೆ ತಪ್ಪದಂತೆ ಸ್ಕೂಟರಿನಲ್ಲೇ ಒಂದು ಗಂಟೆ ಮುಂಚೆ ಹೊರಡುತ್ತಿದ್ದೆವು. ದೀಪಾವಳಿಯ ಹೊತ್ತಿಗೆ ನಾವು ಮೂರನೆಯವರಾಗಿದ್ದೆವು. ಹಬ್ಬದ ಶುಭಾಶಯ ಹೇಳುವುದಕ್ಕೆಂದು ಫೋನ್ ಮಾಡಿದೆ. ಸೈಕಲ್ಲಿನ ಸುದ್ದಿಯನ್ನೇ ಎತ್ತಲಿಲ್ಲ. "ನಿಮಗೂ ಹಬ್ಬದ ಶುಭಾಶಯ ಸಾರ್. ನಾಲ್ಕನೇರಾದ್ರಿ," ಎಂದ. ಸಂಕ್ರಾಂತಿಗೆ ಮತ್ತೆ ಮೂರಕ್ಕೆ ಬಂದೆವು; ನೀಲಿ ಎಂದರೆ ಯಾವ ನೀಲಿ ಎಂಬ ಅನುಮಾನ ಬಂದು ಮತ್ತೆ ನಾಲ್ಕಕ್ಕೆ ಹೋದೆವು. ಗಿರಿಜಾ ನನ್ನ ಫೋನಿನಿಂದ ಅವನ ನಂಬರನ್ನು ಅಳಿಸಿದಳು. ಚಿಂತೆಯಿಂದ ನನಗೆ ಆಗಿರುವ ಒಂದೇ ಉಪಕಾರವೆಂದರೆ ಜ್ಞಾಪಕಶಕ್ತಿ, ನಂಬರು ಬಾಯಿಪಾಠವಾಗಿತ್ತು.

ಇಷ್ಟು ಹೊತ್ತೂ ನನ್ನ ಉದ್ಯೋಗ ಏನೆಂದು ಹೇಳದೆ ತಪ್ಪಿಸಿಕೊಂಡು ಬಂದಿದ್ದೇನೆ. ನಾನು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತನಾಲ್ಕು ವರ್ಷದಿಂದ ಕಿಟಕಿಯ ಈ ಕಡೆ ಕೂತು ಆ ಕಡೆಯವರಿಗೆ "ನಾಳೆ ಬನ್ನಿ" ಎನ್ನುತ್ತಿರುವವನು. ಶಿವರಾತ್ರಿ ಮುಗಿದ ಮಾರನೆಯ ದಿನ, ಇನ್ನೊಂದು ಫೋನ್ ಮಾಡಿ ಐದನೆಯವರಾಗಿ ಹಿಂದೆ ಬಿದ್ದ ಬೇಸರದಲ್ಲಿ ಕೂತಿದ್ದಾಗ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಯಜಮಾನರು ಕಿಟಕಿಗೆ ಬಂದರು. ಮಗಳ ಸರ್ಟಿಫಿಕೇಟಿನಲ್ಲಿ ತಂದೆಯ ಹೆಸರು ತಿದ್ದಿಸಬೇಕಿತ್ತು. ಎಷ್ಟನೇ ಸಲ ಬರುತ್ತಿದ್ದೀರಿ ಎಂದು ಕೇಳಿದೆ.

"ಏಳೋ ಎಂಟೋ ಇರ್ಬೇಕು ಸಾಮಿ. ಅವಸರ ಏನಿಲ್ಲ ಬಿಡ್ರಿ. ನೀವೂ ಕೆಲ್ಸದೋರು."

ಅವರ ಮುಖದಲ್ಲಿ ವ್ಯಂಗ್ಯ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನಾಳೆ ಬನ್ನಿ ಎಂದುಬಿಡುತ್ತಿದ್ದೆ. ಫೈಲು ತೆಗೆದು, ತಿದ್ದಿ, ಸೀಲು ಹೊಡೆಸಿ ಕೊಟ್ಟೆ. ಹತ್ತು ನಿಮಿಷ ಹಿಡಿಯಿತು. ಅದು ಹತ್ತು ನಿಮಿಷದ ಕೆಲಸವೆಂದು ನನಗೂ ಆವತ್ತೇ ಗೊತ್ತಾದದ್ದು. ಅವರು ಕೈಮುಗಿದು ಹೋದ ಮೇಲೆ ತುಂಬ ಹೊತ್ತು ನಾಚಿಕೆಯಾಗಿ ಕೂತಿದ್ದೆ. ನಾಚಿಕೆ ಕಳೆಯಲೆಂದು ಓಬಳೇಶಪ್ಪನಿಗೆ ಫೋನ್ ಮಾಡಿದೆ. ಆರನೆಯವರಾದೆವು.

ಆಮೇಲೆ ಗಿರಿಜಾ ನನ್ನಿಂದ ದೇವರ ಮುಂದೆ ಆಣೆ ಮಾಡಿಸಿದಳು. ಯುಗಾದಿ ಕಳೆಯಿತು, ಬೇಸಿಗೆ ರಜೆ ಬಂತು. ನಾನು ಫೋನ್ ಮಾಡಲಿಲ್ಲ; ಆ ಕಾಟ ತಪ್ಪಿದ್ದಕ್ಕೋ ಏನೋ, ಸರದಿ ಮೊದಲಿಗಿಂತ ಬೇಗ ಮುಂದೆ ಸರಿಯಿತು. ಮೇ ಕೊನೆಯಲ್ಲಿ ಓಬಳೇಶಪ್ಪನೇ ಅವಳಿಗೆ ಫೋಟೋ ಕಳಿಸಿದ. ನೀಲಿ ಸೈಕಲ್ಲು. ಸೀರೆ ಸಿಕ್ಕದಂತೆ ಹಿಂದಿನ ಚಕ್ರಕ್ಕೆ ಕೈಯಲ್ಲೇ ಹೆಣೆದ ದಾರದ ಬಲೆ, ಅದಕ್ಕೊಂದು ಕೆಂಪು ಅಂಚು. ಗಿರಿಜಾ ಆ ಫೋಟೋವನ್ನು ದಿನಕ್ಕೆ ಹತ್ತು ಸಲ ನೋಡುತ್ತಿದ್ದಳು. ಶಾಲೆ ತೆರೆಯುವ ಮೊದಲ ದಿನ ಎಲ್ಲರಿಗಿಂತ ಮುಂಚೆ ಹೋಗಿ ಬೀಗ ತಾನೇ ತೆಗೆಯುತ್ತೇನೆಂದು ಹೆಡ್ ಮಾಸ್ತರಿಗೆ ಹೇಳಿಯೂಬಿಟ್ಟಳು.

ನನ್ನ ಚಿಂತೆಗಳೆಲ್ಲ ಆ ಫೋಟೋ ನೋಡಿ ತಣ್ಣಗಾದವು. ಒಂದು ಮಾತ್ರ ಆಗತಾನೇ ಹುಟ್ಟಿತು. ಹಟ್ಟಿಯ ದಾರಿಯಲ್ಲಿ ಒಂದು ಇಳಿಜಾರಿದೆ. ಇಷ್ಟು ಚೆನ್ನಾಗಿರುವ ಸೈಕಲ್ಲು ಅಲ್ಲಿ ಜೋರಾಗಿ ಓಡಿಬಿಟ್ಟರೆ? ದೇವರ ಮುಂದೆ ಮಾಡಿದ ಆಣೆ, "ಎಲ್ಲಿಗೆ ಬಂತು" ಎಂದು ಕೇಳುವುದಕ್ಕೆ ಮಾತ್ರ ಅನ್ವಯಿಸುತ್ತದೆ ಎಂದು ವಾದಿಸಿಕೊಂಡು, ಕಚೇರಿಯ ಹಿಂದಿನ ಬೇವಿನಮರದ ಕೆಳಗೆ ನಿಂತು ಫೋನ್ ಮಾಡಿದೆ. ಸೈಕಲ್ಲು ಜೋರಾಗಿ ಹೋಗದಂತೆ ಏನಾದರೂ ಮಾಡಲು ಬರುತ್ತದೆಯೇ?

"ಪೆಡಲ್ ಹತ್ರ ಇರೋ ಹಲ್ಲಿನ ಚಕ್ರ, ಚೈನ್‌ವೀಲು, ಚಿಕ್ಕದು ಹಾಕಿದ್ರೆ ಜೋರು ಕಮ್ಮಿ ಆಗ್ತೈತೆ ಸಾರ್. ಎಷ್ಟು ಚಿಕ್ಕದು?"

"ನಿಮ್ಮ ಹತ್ರ ಇರೋದ್ರಲ್ಲೇ ಚಿಕ್ಕದು."

"ಅಮ್ಮಾವ್ರಿಗೆ ಗೊತ್ತಾ?"

"ಅವಳೇ ಕೇಳಿದ್ದು," ಎಂದೆ. ನಾಲಿಗೆ ಅದಾಗಿಯೇ ಹೊರಳಿತು.

ಹನ್ನೊಂದು ತಿಂಗಳು ಕಾಯಿಸಿದವನು ಆ ಒಂದು ಕೆಲಸವನ್ನು ಆ ಸಂಜೆಯೇ ಮುಗಿಸಿದ. ಶಾಲೆ ತೆರೆಯುವ ಹಿಂದಿನ ದಿನ ಕತ್ತಲಾದ ಮೇಲೆ ಸೈಕಲ್ಲು ಬಸ್ಸಿನ ಟಾಪಿನ ಮೇಲೆ ಒಂದು ಗೆರೆಯೂ ಬೀಳದೆ ಬಂದಿಳಿಯಿತು. ಮೊದಲ ದಿನ ಗಿರಿಜಾ ಹಣೆಗೆ ಕುಂಕುಮ ಇಟ್ಟುಕೊಂಡು, ಸೈಕಲ್ಲಿಗೂ ಇಟ್ಟು, ಗಂಟೆ ಬಾರಿಸಿ ಹತ್ತಿದಳು. ಊರು ದಾಟುವವರೆಗೆ ಬರುತ್ತೇನೆಂದು ನಾನು ಜೊತೆಗೆ ಹೊರಟೆ. ಸ್ಕೂಟರ್ ತೆಗೆಯಬೇಕಾಗಲೇ ಇಲ್ಲ. ಅವಳ ಕಾಲುಗಳು ಗಿರಗಿರನೆ ತಿರುಗುತ್ತಿದ್ದವು. ಸೈಕಲ್ಲು ಮಾತ್ರ ಸಂಜೆ ಗಾಳಿಗೆ ಹೊರಟ ನಿವೃತ್ತರ ಹಾಗೆ ಸಾಗುತ್ತಿತ್ತು. ಊರು ದಾಟಿದ ಮೇಲೂ ನಾನು ಕೈಕಟ್ಟಿಕೊಂಡು ಪಕ್ಕದಲ್ಲೇ ನಡೆದೆ. ಮೇಯಲು ಕಾವಲಿನ ಕಡೆ ಹೊರಟ ಒಂದು ಕುರಿಹಿಂಡು ಹಿಂದಿನಿಂದ ಬಂದು, ನಮ್ಮನ್ನು ನಡುವೆ ಬಿಟ್ಟು ಎರಡು ಭಾಗವಾಗಿ, ಮುಂದೆ ಹೋಯಿತು. ಹಿಂಡಿನ ಕೊನೆಯಲ್ಲಿದ್ದ ಹೆಂಗಸು ಹಟ್ಟಿಯವಳೇ.

"ಏನ್ ಟೀಚರಮ್ಮ, ಸೈಕಲ್ ತುಳೀತಿದೀರೋ, ಬಟ್ಟೆ ಹೊಲೀತಿದೀರೋ?"

"ಬ್ಲೌಸ್ ಐತೇನೇ ಹೊಲಿಯಾಕೆ, ಕೊಡು," ಎಂದು ಗಿರಿಜಾ ಏದುಸಿರಿನಲ್ಲೇ ಉತ್ತರ ಕೊಟ್ಟಳು. ಇಳಿಜಾರಿನಲ್ಲಿ ಬ್ರೇಕೂ ಹಿಡಿಯದೆ ಒಂದೇ ಸಮನೆ ತುಳಿದಳು. ಆದರೂ ಶಾಲೆ ಸೇರುವಾಗ ಪ್ರಾರ್ಥನೆ ಮುಗಿದು, ಬೀಗ ತೆಗೆದ ಹೆಡ್ ಮಾಸ್ತರು ಬಾಗಿಲಲ್ಲೇ ನಿಂತಿದ್ದರು. ಮಧ್ಯಾಹ್ನ ನೋಟೀಸು ಅವಳ ಕೈ ಸೇರಿತು.

ಸಂಜೆ ಅವಳು ನೋಟೀಸನ್ನು ಸೊಪ್ಪು ಬಿಡಿಸುವ ಮೊರದ ಪಕ್ಕ ಇಟ್ಟುಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ, ಓಬಳೇಶಪ್ಪನಿಗೆ ಕರೆ ಮಾಡಿದಳು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಹೋಗುವುದಕ್ಕೆ ಬೇರೆ ಜಾಗ ತೋಚಲಿಲ್ಲ.

"ಏನಾಯ್ತಮ್ಮಾ? ಬೆಸುಗೆ ಬಿಡ್ತಾ?" ಅವನ ದನಿಯಲ್ಲಿ ಗಾಬರಿ.

"ಇಲ್ಲಪ್ಪ."

"ಬ್ರೇಕು?"

"ಚೆನ್ನಾಗಿ ಹಿಡಿತೈತೆ."

"ಸೀಟು, ಹ್ಯಾಂಡಲ್ಲು?"

"ಎಲ್ಲಾ ನನ್ ಮೈಗೇ ಹುಟ್ಟಿದಂಗೆ ಐತೆ. ಮುಂದಕ್ಕೆ ಒಂದು ಹೋಗಲ್ಲ."

"ಚೈನ್‌ವೀಲು ಚಿಕ್ಕದು ಬೇಕು ಅಂತ ನೀವೇ ಹೇಳಿ ಕಳ್ಸಿದ್ರಲ್ಲಮ್ಮಾ. ಸಾರ್ ಫೋನ್ ಮಾಡಿದ್ರು. ಒಂದು ಸುತ್ತು ತುಳಿದ್ರೆ ಚಕ್ರ ಒಂದೇ ಸುತ್ತು ತಿರುಗೋದು, ಮಕ್ಕಳ ಮೂರು ಚಕ್ರದ ಗಾಡಿ ಇದ್ದಂಗೆ. ನಂಗೂ ಅನುಮಾನನೇ ಇತ್ತು."

ಗಿರಿಜಾ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"ಭಾನುವಾರ ತಗಂಬರ್ರಿ, ದೊಡ್ಡದು ಹಾಕ್ತೀನಿ. ಅರ್ಧ ಗಂಟೆ ಕೆಲ್ಸ," ಎಂದ ಓಬಳೇಶಪ್ಪ. "ಇನ್ನೇನಾರಾ ಕೆಟ್ಟೈತಾ ಅಮ್ಮಾ?"

ಅವಳು ತಲೆಯೆತ್ತಿ ಹೊಸ್ತಿಲ ಕಡೆಗೆ ನೋಡಿದಳು. ನೆತ್ತಿಯಿಂದ ಪಾದದವರೆಗೆ, ನಿಧಾನವಾಗಿ.

"ಕೆಟ್ಟೈತೆ," ಎಂದಳು. "ಅದು ನಿಮ್ಮ ಅಂಗ್ಡೀಲಿ ಆಗೋ ಕೆಲ್ಸ ಅಲ್ಲ ಬಿಡ್ರಿ."