ನೀರಿನಣ್ಣ ಕವೆಕೋಲು ಬಿಟ್ಟ ಕತೆ

ನನ್ನ ಸೋದರಮಾವನಷ್ಟು ಸತ್ಯವಂತರು ಇಡೀ ಕಾರ್ಕಳ ತಾಲೂಕಿನಲ್ಲಿ ಇರಲಿಲ್ಲ. ಅವರ ಕಸುಬು ಹಾಳಾದದ್ದೂ ಅದರಿಂದಲೇ! ಸುಳ್ಳು ಹೇಳಿ ಹಾಳಾದವರನ್ನು ನೀವು ಬೇಕಾದಷ್ಟು ನೋಡಿರಬಹುದು. ಸತ್ಯ ಹೇಳಿ, ಅದೂ ಮಂಗಳ ಗ್ರಹದ ಒಂದು ಗಾಡಿಯಿಂದ ಕಲಿತ ಸತ್ಯ ಹೇಳಿ, ಹಾಳಾದವರನ್ನು ನೋಡಿದ್ದೀರಾ?

ಮಾವನ ಕಸುಬು ನೀರು ನೋಡುವುದು. ಬಾವಿ ತೋಡಿಸುವವರು ಕುಕ್ಕುಂದೂರಿನ ಮನೆಗೆ ಬಂದು ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಮಾವ ಕವಲೊಡೆದ ಒಂದು ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಅರೆಮುಚ್ಚಿ ಜಾಗದ ಉದ್ದಗಲ ನಡೆಯುತ್ತಿದ್ದರು. ಕೋಲು ಬಾಗಿದಲ್ಲಿ ಗೂಟ. ಸಂಶಯ ಬಂದರೆ ಅಂಗೈ ಮೇಲೆ ತೆಂಗಿನಕಾಯಿ. ಅದು ಎದ್ದು ನಿಂತರೆ ಗೂಟ ಖಾಯಂ. ಊರವರಿಗೆ ಅವರು ನೀರಿನಣ್ಣ. ನನಗೆ ಮಾತ್ರ ಪ್ರಾಣಸಂಕಟ, ಏಕೆಂದರೆ ನಾನು ಉಡುಪಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. “ನಿಮ್ಮ ಮಾವನ ತೆಂಗಿನಕಾಯಿ ಯಾಕೆ ಏಳ್ತದೆ ಟೀಚರ್?” ಎಂದು ಮಕ್ಕಳು ಕೇಳಿದರೆ, ಗುರುತ್ವಾಕರ್ಷಣೆಯ ಪಾಠವನ್ನು ಅರ್ಧಕ್ಕೇ ಬಿಟ್ಟು ಹಾಜರಿ ಕರೆಯಲು ಶುರುಮಾಡುತ್ತಿದ್ದೆ!

1997ರ ಮಳೆಗಾಲದ ಒಂದು ಭಾನುವಾರ ಮಾವ ಪೇಪರಿನ ಒಂದು ತುಂಡು ಹಿಡಿದುಕೊಂಡು ಕೊಡೆ ಸಮೇತ ನಮ್ಮ ಮನೆಯೊಳಗೇ ನುಗ್ಗಿದರು.

“ಮಂಗಳದಲ್ಲಿ ಹಿಂದೆ ನೆರೆ ಬಂದಿತ್ತಂತೆ ಮಗಳೇ! ಹೌದಾ?”

“ಹೌದು ಮಾವ. ಕಲ್ಲುಗಳು ಬಿದ್ದಿರುವ ರೀತಿ ನೋಡಿ ಹಾಗೆ ಹೇಳ್ತಾರೆ.”

“ಹೋಗಿ ನೋಡಿದವರು ಯಾರು?”

“ಯಾರೂ ಹೋಗಲಿಲ್ಲ. ಆರು ಚಕ್ರದ ಒಂದು ಗಾಡಿ ಹೋಗಿದೆ. ಅತ್ತೆಯ ಅಕ್ಕಿ ಪೆಟ್ಟಿಗೆಯಷ್ಟು ದೊಡ್ಡದು.”

“ಅದರ ಕೈಯಲ್ಲಿ ಕೋಲು ಉಂಟಾ?”

“ಇಲ್ಲ.”

ಮಾವ ಕುರ್ಚಿಯಲ್ಲಿ ಕುಸಿದರು. “ಕೋಲು ಇಲ್ಲದೆ ನೀರು ನೋಡಿದ್ರಾ ಮಾರಾಯ್ತಿ!”

ಅಂದಿನಿಂದ ಅವರಿಗೆ ಹುಚ್ಚು ಹಿಡಿಯಿತು. ಬಾಹ್ಯಾಕಾಶ ನೌಕೆಯ ಸುದ್ದಿ ಎಲ್ಲಿ ಬಂದರೂ ಕತ್ತರಿ ಹಾಕುವುದೇ. ಅತ್ತೆಯ ಕೈಗೆ ಪೇಪರು ಬರುವಾಗ ಅದರಲ್ಲಿ ನಾಲ್ಕೈದು ಕಿಟಕಿಗಳು! ಒಮ್ಮೆ ಗುರುಗ್ರಹದ ಬೆನ್ನಿನಲ್ಲಿ ಪರಿಚಯದವರೊಬ್ಬರ ನಿಧನದ ಸುದ್ದಿ ಇತ್ತು. ಅದು ಗೊತ್ತಿಲ್ಲದ ಅತ್ತೆ ಆ ಮನೆಗೇ ಹೋಗಿ, “ಯಜಮಾನರು ಹೇಗಿದ್ದಾರೆ?” ಎಂದು ಸೌಖ್ಯ ವಿಚಾರಿಸಿ ಬಂದರು!

ಗುರುಗ್ರಹದ ಚಂದ್ರರಲ್ಲಿ ಒಂದಾದ ಯುರೋಪಾದ ಹಿಮದ ಅಡಿಯಲ್ಲಿ ಸಮುದ್ರವೇ ಇರಬಹುದು ಎಂಬ ಸುದ್ದಿ ಬಂದಾಗ ಮಾವ ಕಾರ್ಕಳ ಪೇಟೆಯ ಕ್ಷೌರದಂಗಡಿಯಲ್ಲಿ ಅದನ್ನು ಸಾರಿದರು. ಕ್ಷೌರಿಕ ಕತ್ತಿ ಮಸೆಯುತ್ತಾ, “ಯುರೋಪಿನಲ್ಲಿ ನೀರು ಇಲ್ಲದೆ ಇರ್ತದಾ ನೀರಿನಣ್ಣ? ಅದು ಫಾರಿನ್ ಅಲ್ವಾ?” ಎಂದ. ಕುತ್ತಿಗೆಯ ಮೇಲೆ ಕತ್ತಿ ಇದ್ದುದರಿಂದ ಮಾವ ವಾದಿಸಲಿಲ್ಲ.

ನಿಜವಾದ ಅನಾಹುತ ಆದದ್ದು 2004ರಲ್ಲಿ. ಮಂಗಳದಲ್ಲಿ ಇನ್ನೊಂದು ಗಾಡಿ ಇಳಿದು, ಕಲ್ಲಿನಲ್ಲಿ ಹುದುಗಿದ್ದ ಕಾಳುಮೆಣಸಿನಂಥ ಉರುಟು ಗುಂಡುಗಳನ್ನು ಕಂಡುಹಿಡಿಯಿತು. ಅವು ನೀರಿನಲ್ಲಿ ನೆನೆದ ಕಲ್ಲಿನೊಳಗೆ ಹುಟ್ಟುವಂಥವು ಎಂದು ನಾನು ವಿವರಿಸಿದೆ.

“ಹಾಗಾದರೆ ಅಲ್ಲಿ ನೀರು ಉಂಟು!”

“ಉಂಟು ಎಂದು ಅವರು ಹೇಳುವುದಿಲ್ಲ ಮಾವ. ಕೋಟ್ಯಂತರ ವರ್ಷಗಳ ಹಿಂದೆ ಇತ್ತು ಎನ್ನುತ್ತಾರೆ. ಅದನ್ನೂ ಹತ್ತು ಸಲ ಪರೀಕ್ಷೆ ಮಾಡಿ, ಮತ್ತೆ ಹೇಳುವುದು.”

ಮಾವ ಪೇಪರಿನ ತುಂಡನ್ನು ನಾಲ್ಕಾಗಿ ಮಡಚಿದರು. “ಅಷ್ಟು ದೊಡ್ಡ ಯಂತ್ರ ಇದ್ದವರೇ ಅಷ್ಟು ಹೆದರಿ ಮಾತಾಡ್ತಾರೆ. ನಾನು ಒಂದು ಕೋಲು ಹಿಡಿದು ಎಷ್ಟು ಧೈರ್ಯದಲ್ಲಿ ಮಾತಾಡಿದೆ!” ಎಂದರು. ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ಮುಂದಿನ ವಾರ ನಿಟ್ಟೆಯಿಂದ ಒಬ್ಬರು ಜಾಗ ತೋರಿಸಲು ಕರೆದರು. ಅವರ ಕಾರಿನಲ್ಲಿ ನಾನೂ ಹೋದೆ. ಮಾವ ಕೋಲು ತಂದಿರಲಿಲ್ಲ. ಬಗ್ಗಿ ಬಗ್ಗಿ ಕಲ್ಲು ಹೆಕ್ಕಿದರು, ಮೂಸಿದರು, ನನ್ನ ಭೂತಕನ್ನಡಿಯಲ್ಲಿ ನೋಡಿದರು. ಕೊನೆಗೆ ಗಂಭೀರವಾಗಿ ಹೇಳಿದರು, “ಇಲ್ಲಿ ಹಿಂದೆ ನೀರು ಇದ್ದಿರಬಹುದು.”

“ಹಿಂದಿನದ್ದು ಬಿಡಿ ನೀರಿನಣ್ಣ. ಈಗ ಉಂಟಾ?”

“ಈಗಿನದ್ದು ಹೇಳ್ಲಿಕ್ಕೆ ಪುರಾವೆ ಸಾಲದು.”

“ಮತ್ತೆ ನಾನು ತೋಡುವುದು ಎಲ್ಲಿ?”

“ತೋಡಿ ನೋಡಿ. ಸಿಕ್ಕಿದರೆ ನನಗೂ ತಿಳಿಸಿ.”

ಆ ಮನುಷ್ಯ ಮಾವನನ್ನು ಮನೆಯ ಮುಂದೆ ಇಳಿಸಿ, ಚಾ ಕುಡಿಯಲೂ ನಿಲ್ಲದೆ ಕಾರು ತಿರುಗಿಸಿದ್ದೇ. ಆಮೇಲೆ ಕರೆಯುವವರೂ ಕಡಿಮೆಯಾದರು. ಕವೆಕೋಲು ಅತ್ತೆಯ ಪಾಲಾಯಿತು. ಬಟ್ಟೆ ಒಣಗಿಸುವ ಹಗ್ಗ ಜೋಲು ಬಿದ್ದಲ್ಲಿ ಊರುಗೋಲಾಗಿ ನಿಂತಿತು. “ಮೂವತ್ತು ವರ್ಷದಲ್ಲಿ ಮೊದಲ ಸಲ ಇದರಿಂದ ಮನೆಗೆ ಒಂದು ಉಪಕಾರ ಆಯ್ತು” ಎಂದರು ಅತ್ತೆ.

ಮಾವ ಅಷ್ಟಕ್ಕೇ ನಿಲ್ಲಲಿಲ್ಲ. ತಾವು ಇದುವರೆಗೆ ತೋರಿಸಿದ ಬಾವಿಗಳನ್ನೆಲ್ಲ ಒಂದೊಂದಾಗಿ ಇಣುಕಿ ನೋಡಿ ಬರಲು ಹೊರಟರು. ತಿಂಗಳುಗಟ್ಟಲೆ ಬಸ್ಸಿನಲ್ಲಿ ಅಲೆದು ನನಗೆ ವರದಿ ಒಪ್ಪಿಸಿದರು. “ಎಲ್ಲದರಲ್ಲೂ ನೀರುಂಟು ಮಗಳೇ. ಆದರೆ ಪಕ್ಕದ ಮನೆಯವರು ಯಾರನ್ನೂ ಕೇಳದೆ ತೋಡಿದ ಬಾವಿಯಲ್ಲೂ ಅಷ್ಟೇ ನೀರುಂಟು. ನಮ್ಮ ಕಡೆ ಎಲ್ಲಿ ತೋಡಿದರೂ ಬರ್ತದೆ. ಕೋಲಿನ ಹೆಚ್ಚುಗಾರಿಕೆ ಎಂತ?”

“ಎಲ್ಲದರಲ್ಲೂ ಅಂದ್ರಾ?”

ಮಾವ ಕೊಡೆಯ ಹಿಡಿಯನ್ನು ನೋಡುತ್ತಾ ಕೂತರು. “ಒಂದು ಬಿಟ್ಟು. ಕಾಪುವಿನ ಸೆಲಿನ್ ಬಾಯಮ್ಮನದ್ದು. ಅಲ್ಲಿಗೆ ನಾನು ಹೋಗಲಿಲ್ಲ.”

ಕಾಪು ಪೇಟೆಯಿಂದ ಪೂರ್ವಕ್ಕೆ, ಕೆಂಪು ಮುರಕಲ್ಲಿನ ದಿಬ್ಬದ ಮೇಲೆ ಆ ಬಾಯಮ್ಮ ಒಬ್ಬರೇ ಹೊಲಿಗೆ ಮಾಡಿಕೊಂಡಿದ್ದರು. ಎಂಟು ವರ್ಷಗಳ ಹಿಂದೆ ಮಾವ ಗೂಟ ಹೊಡೆದಲ್ಲಿ ನಲವತ್ತು ಅಡಿ ತೋಡಿಸಿದ್ದರು. ಒಂದು ಹನಿ ಬರಲಿಲ್ಲ. ಆಮೇಲೆ ಮಾವ ಆ ಕಡೆ ತಲೆ ಹಾಕಿರಲಿಲ್ಲ.

ಅಷ್ಟರಲ್ಲಿ ಶನಿಯ ಚಂದ್ರ ಟೈಟನ್ ಮೇಲೆ ಒಂದು ನೌಕೆ ಇಳಿದ ಫೋಟೋ ಬಂತು. “ಶನಿಯನ್ನು ಮನೆಯೊಳಗೆ ತರಬೇಡಿ!” ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಮಾವ ಫೋಟೋವನ್ನು ನೇರ ನಮ್ಮ ಮನೆಗೆ ತಂದರು. ಹೊಳೆಯ ತಳದಲ್ಲಿ ಇರುವಂಥ ಉರುಟು ಕಲ್ಲುಗಳು.

“ಇದು ನೀರಿನ ಕೆಲಸವೇ ಅಲ್ವಾ?”

“ಅಲ್ಲ ಮಾವ. ಅಲ್ಲಿಯ ಚಳಿಗೆ ನೀರು ಕಲ್ಲಾಗಿದೆ. ಗೋಬರ್ ಗ್ಯಾಸಿನಲ್ಲಿ ಇರುವ ಮೀಥೇನೇ ಅಲ್ಲಿ ಮಳೆಯಾಗಿ ಬಿದ್ದು ಹೊಳೆಯಾಗಿ ಹರಿಯುತ್ತದಂತೆ.”

“ದನದ ಹಟ್ಟಿಯೇ ಇಲ್ಲದೆ ಗೋಬರ್ ಗ್ಯಾಸಾ!” ಎಂದವರು ಫೋಟೋವನ್ನು ಇನ್ನೊಮ್ಮೆ ಹತ್ತಿರ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ, “ಮೇಲಿಂದ ಬೀಳ್ತದೆ, ಕೆಳಗೆ ಹರಿತದೆ. ನಾನು ಜೀವಮಾನ ಇಡೀ ನೆಲ ಮಾತ್ರ ನೋಡಿದ್ದು ಮಗಳೇ. ಬಾಯಮ್ಮನ ಮನೆಯ ಹಂಚಿನ ಮಾಡಿನ ಮೇಲೆ ಅಷ್ಟು ಮಳೆ ಬೀಳ್ತದಲ್ಲ, ಅದು ಎಲ್ಲಿಗೆ ಹೋಗ್ತದೆ?” ಎಂದರು.

ಆ ಏಪ್ರಿಲಿನಲ್ಲಿ ನನ್ನನ್ನು ಜೊತೆಗೆ ಕರೆದುಕೊಂಡು ಕಾಪುವಿಗೆ ಹೋದರು. ಬಾಯಮ್ಮ ಗುರುತು ಹಿಡಿದರು. ಒಳಗೆ ಹೋಗಿ ಎರಡು ಲೋಟ ನೀರು, ಒಂದು ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು. ಮಾವ ಲೋಟ ಎತ್ತಿದವರು ಕೇಳಿದರು, “ಈ ನೀರು ಎಲ್ಲಿಯದ್ದು ಬಾಯಮ್ಮ?”

“ಕೆಳಗಿನ ಮನೆಯದ್ದು ಅಣ್ಣ. ದಿನಾ ಆರು ಕೊಡಪಾನ ತರ್ತೇನೆ.”

ಮಾವ ಲೋಟವನ್ನು ಕುಡಿಯದೆ ಕೆಳಗಿಟ್ಟರು. “ನನ್ನ ಕೋಲಿಗೆ ಏನೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ತಪ್ಪಾಯ್ತು” ಎಂದರು.

“ಎಂಟು ವರ್ಷ ಬೇಕಾಯ್ತಾ ಇದನ್ನು ಹೇಳ್ಲಿಕ್ಕೆ?” ಬಾಯಮ್ಮ ತಟ್ಟೆಯನ್ನು ಮುಂದೆ ದೂಡಿದರು. “ಮೊದಲು ಬೆಲ್ಲ ತಿನ್ನಿ.”

ಮಳೆಗಾಲಕ್ಕೆ ಮೊದಲು ಮಾವ ಅಲ್ಲಿಯೇ ಠಿಕಾಣಿ ಹೂಡಿದರು. ಮಾಡಿನ ಅಂಚಿಗೆ ಸೀಳಿದ ಅಡಿಕೆ ಮರದ ದಂಬೆ ಕಟ್ಟಿ, ಸುರಿಯುವ ನೀರನ್ನು ಒಂದು ಡ್ರಮ್ಮಿಗೆ ತಿರುಗಿಸಿದರು. ಡ್ರಮ್ಮಿನೊಳಗೆ ಜಲ್ಲಿ, ಮರಳು, ಇದ್ದಿಲು. ಅಲ್ಲಿಂದ ಪೈಪು ಬಾವಿಗೆ. ಏಣಿ ಹತ್ತಬೇಡಿ ಎಂದು ಅತ್ತೆ ಫೋನಿನಲ್ಲಿ ಬೈಯುವಾಗ ಏಣಿಯ ಮೇಲೆ ನಿಂತೇ “ಹತ್ತುವುದಿಲ್ಲ” ಎಂದರಂತೆ! ಸತ್ಯವಂತರ ಬಾಯಿಂದ ಬಂದ ಏಕೈಕ ಸುಳ್ಳು.

ಮಳೆ ಬಂತು, ಹೋಯಿತು. ಮಾರ್ಚ್ ಕಳೆಯಿತು. ಊರ ಬಾವಿಗಳು ತಳ ಕಾಣುವ ಏಪ್ರಿಲಿನಲ್ಲಿ ಬಾಯಮ್ಮನ ಫೋನು ಬಂತು: “ಬಂದು ನೋಡಿ ಹೋಗಿ.” ಇಷ್ಟೇ.

ಹೋದೆವು. ಮಾವ ಬಾವಿಕಟ್ಟೆಯಿಂದ ನಾಲ್ಕು ಮಾರು ದೂರ ನಿಂತುಬಿಟ್ಟರು. ಬಾಯಮ್ಮ ಕೊಡಪಾನವನ್ನು ಇಳಿಸಿದರು. ಹಗ್ಗ ಜಾರಿತು, ಜಾರಿತು, ಆಮೇಲೆ ಕೆಳಗಿನಿಂದ ಮುಳುಗುವ ಸದ್ದು ಕೇಳಿಸಿತು. ಬಾಯಮ್ಮ ಹಗ್ಗವನ್ನು ಮಾವನ ಕೈಗೆ ಕೊಟ್ಟರು. “ನೀವು ಎಳೆಯಿರಿ ಅಣ್ಣ.” ಮಾವ ಎಳೆದರು. ಕೊಡಪಾನ ಮೇಲೆ ಬಂದಾಗ ಅರ್ಧ ನೀರು ಅವರ ಅಂಗಿಯ ಮೇಲೇ ಚೆಲ್ಲಿತು. ಉಳಿದದ್ದರಲ್ಲಿ ಒಂದು ಬೊಗಸೆ ಎತ್ತಿ ಕುಡಿದರು.

ವಾಪಸು ಬರುವ ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತು ಒಂದೇ ಒಂದು ಪ್ರಶ್ನೆ ಕೇಳಿದರು.

“ಅಷ್ಟು ದೂರ ಗಾಡಿ ಕಳಿಸಿದವರು, ಅದು ಸರಿಯಾಗಿ ಇಳಿಯಿತು ಎಂದು ತಿಳಿದ ದಿನ ಎಂತ ಮಾಡಿರಬಹುದು ಮಗಳೇ?”

“ಕುಣಿದಿರ್ತಾರೆ. ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತಿರ್ತಾರೆ.”

ಮಾವ ತಲೆಯಾಡಿಸಿದರು. ಮುಟ್ಟಿ ಮಾತಾಡುವ ಅಭ್ಯಾಸವೇ ಇಲ್ಲದ ಮನುಷ್ಯ, ತುಂಬಿದ ಬಸ್ಸಿನಲ್ಲಿ ಎಲ್ಲರ ಎದುರು ನನ್ನ ತಲೆಯ ಮೇಲೆ ಕೈಯಿಟ್ಟು, ಉಡುಪಿ ಬರುವವರೆಗೂ ತೆಗೆಯಲಿಲ್ಲ. ಅವರ ಅಂಗಿಯ ತೋಳು ಇನ್ನೂ ಒದ್ದೆಯಾಗಿತ್ತು.