ಸೋಬಾನೆ ಹಾಡಿಗೆ ಅಡ್ಡ ನಿಂತ ಇಂಟರ್ನೆಟ್ಟು, ಅದರೆದುರು ನಿಂತ ನಮ್ಮ ಅತ್ತೆ

ಅರವತ್ತೆರಡನೆಯ ವಯಸ್ಸಿನಲ್ಲಿ ನನ್ನ ಸೋದರತ್ತೆಗೆ ಕಳ್ಳಿ ಎಂಬ ಬಿರುದು ಬಂತು. ಕೊಟ್ಟವರು ಒಂದು ಇಂಟರ್ನೆಟ್ ಕಂಪನಿಯವರು. ಅದಕ್ಕೆ ಮುಂಚೆ ನಮ್ಮ ಬಂಧುಬಳಗ ಅವರನ್ನು ಹಟಮಾರಿ, ಅರೆಹುಚ್ಚಿ, ಗಂಡುಬೀರಿ ಎಂದೆಲ್ಲ ಕರೆದು ಮುಗಿಸಿತ್ತು. ಇದೊಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಕಂಪನಿಯ ಕಾಗದವನ್ನು ಅತ್ತೆ ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದರು, ಆಮೇಲೆ "ಇಂಗ್ಲಿಷು ಚೆನ್ನಾಗಿಲ್ಲ" ಎಂದರು.

ಅತ್ತೆ ಕಂಟೋನ್ಮೆಂಟಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಟ್ರಂಕ್ ಕಾಲ್ ಆಪರೇಟರ್ ಆಗಿದ್ದವರು. ಊರಿಂದೂರಿಗೆ ಮಾತಾಡಬೇಕಾದವರು ಮೊದಲೇ ಬುಕ್ ಮಾಡಿ ಕಾದು, ಮೂರು ಮೂರು ನಿಮಿಷದ ಲೆಕ್ಕದಲ್ಲಿ ಮಾತಾಡುತ್ತಿದ್ದ ಕಾಲ ಅದು. ಆ ಕಾಲ ಮುಗಿಯಿತು, ಅತ್ತೆ ನಿವೃತ್ತರೂ ಆದರು, ಆದರೆ ಕಿವಿಗೆ ಹಾಕಿಕೊಳ್ಳುತ್ತಿದ್ದ ಹೆಡ್‌ಫೋನು ಅವರ ತಲೆಯಿಂದ ಇಳಿದದ್ದು ಬರೀ ಲೆಕ್ಕಕ್ಕೆ. ನಾನಾಗ ವಿಮಾನಪುರದ ಒಂದು ಶಾಲೆಯಲ್ಲಿ ಟೀಚರ್ ಆಗಿ, ಹಲಸೂರಿನ ಅವರ ಮನೆಯಲ್ಲೇ ಇದ್ದೆ. ನನ್ನನ್ನು ಹುಡುಕಿಕೊಂಡು ಯಾರಾದರೂ ಬಂದರೆ ಅತ್ತೆ ಬಾಗಿಲಲ್ಲೇ "ಲೈನಲ್ಲಿರಿ, ಕೊಡ್ತೀನಿ" ಎಂದು ಒಳಗೆ ಬರುತ್ತಿದ್ದರು. ನನ್ನನ್ನು ನೋಡಲು ಬಂದ ಗಂಡಿನ ದೊಡ್ಡಪ್ಪ ತಮ್ಮ ಎರಡು ಸೈಟುಗಳ ವರ್ಣನೆಯಲ್ಲಿ ಮೈಮರೆತಿದ್ದಾಗ ಅತ್ತೆ ಗಡಿಯಾರ ನೋಡಿ, "ಮೂರು ನಿಮಿಷ ಆಯ್ತು ಸಾರ್, ಎಕ್ಸ್‌ಟೆಂಡ್ ಮಾಡ್ಲಾ?" ಎಂದು ಕೇಳಿದರು. ಅವರು ಬೇಡ ಎಂದರು. ಸಂಬಂಧವೂ ಅಲ್ಲಿಗೇ ಕಟ್ಟಾಯಿತು. ನನಗೇನೂ ಬೇಸರವಾಗಲಿಲ್ಲ ಅನ್ನಿ.

ಇಷ್ಟು ಮಾತಾಡುವ ಹೆಂಗಸಿನ ಹತ್ತಿರ ಹರಟೆಗೆ ಸರಕು ಎಷ್ಟಿರಬೇಕು? ಒಂದು ಚೂರೂ ಇಲ್ಲ. ಚಿಕ್ಕಪ್ಪ ಏನಂದರು ಎಂದು ಚಿಕ್ಕಮ್ಮನಿಗೆ ಹೇಳುವವರಲ್ಲ, ಚಿಕ್ಕಮ್ಮ ಅತ್ತದ್ದನ್ನು ಚಿಕ್ಕಪ್ಪನಿಗೂ ಹೇಳುವವರಲ್ಲ. ಕೇಳಿದರೆ, "ಲೈನ್ ಕೊಡೋದು ನನ್ನ ಕೆಲಸ ಕಣೇ, ಒಳಗಿರೋದು ಅವರವರದ್ದು" ಎನ್ನುತ್ತಿದ್ದರು. ಹೀಗಾಗಿ ನಮ್ಮ ಕುಟುಂಬದ ಎಲ್ಲ ಗುಟ್ಟುಗಳೂ ಅವರಲ್ಲಿ ಇದ್ದವು, ಬ್ಯಾಂಕಿನ ಲಾಕರಿನಲ್ಲಿ ಇದ್ದ ಹಾಗೆ.

ನಿವೃತ್ತಿಯ ನಂತರ ಅವರಿಗೆ ಹಾಡಿನ ಹುಚ್ಚು ಹತ್ತಿತು. ಹಾಡುವ ಹುಚ್ಚಲ್ಲ, ಹಿಡಿಯುವ ಹುಚ್ಚು. ಮದುವೆಮನೆಯಲ್ಲಿ ಹೆಂಗಸರು ಹಾಡುವ ಹಾಡುಗಳು ಎಲ್ಲಿ ಕೇಳಿದರೂ ಅಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕೂರುವುದು. ಶಿವಾಜಿನಗರದ ಗಲ್ಲಿಯೊಂದರಲ್ಲಿ ಒಬ್ಬ ಮುದುಕಿ ಬೀಬಿಯ ಹಲ್ದಿ ಹಾಡು, ಹಲಸೂರು ಮಾರ್ಕೆಟ್ಟಿನ ಹೂವಿನ ಅಮ್ಮನ ತಮಿಳು ನಲಂಗು ಹಾಡು, ನಮ್ಮ ಕಡೆಯ ಹಸೆಗೆ ಕರೆಯುವ ಹಾಡು, ಎಲ್ಲ ಬಂದವು. ಬೀಬಿಯ ಹಾಡಿನ ನಡುವೆ ಒಂದು ಮೇಕೆ ನಾಲ್ಕು ಸಲ ಕೂಗಿತ್ತು. ಕಂಪ್ಯೂಟರಿಗೆ ಹಾಕುವಾಗ ಅದನ್ನು ಕತ್ತರಿಸೋಣ ಎಂದೆ. "ಬೇಡ. ಅದೂ ಲೈನಲ್ಲಿತ್ತು" ಎಂದರು.

ಆಗಷ್ಟೇ ಬ್ರಾಡ್‌ಬ್ಯಾಂಡ್ ಎಂಬುದು ಹಲಸೂರಿನ ಕಂಬಗಳನ್ನು ಹತ್ತಿ, ಕೇಬಲ್ ಟಿವಿಯ ತಂತಿಗಳ ಜೊತೆ ಸಿಕ್ಕುಹಾಕಿಕೊಂಡು ಮನೆಮನೆಗೆ ಇಳಿಯುತ್ತಿತ್ತು. ಇಂಟರ್ನೆಟ್ಟಿನಲ್ಲಿ ಫೈಲ್ ಹಂಚಿಕೊಳ್ಳುವ ಒಂದು ವಿಧಾನವಿದೆ ಎಂದು ಅತ್ತೆಗೆ ಹೇಳಿಕೊಟ್ಟವಳು ನಾನೇ. ಎಲ್ಲವೂ ಒಂದೇ ಕಡೆ ಇರುವುದಿಲ್ಲ, ನಿಮ್ಮಿಂದ ಒಂದು ಚೂರು, ಅವರಿಂದ ಒಂದು ಚೂರು ಬಂದು ಸೇರುತ್ತವೆ, ತೆಗೆದುಕೊಂಡವರೂ ಕೊಡುವವರಾಗುತ್ತಾರೆ. ಅತ್ತೆಗೆ ಇದು ತಕ್ಷಣ ಅರ್ಥವಾಯಿತು. "ನಮ್ಮ ಮದುವೆಗಳಲ್ಲಿ ಹಾಡೋದೂ ಹೀಗೇ ತಾನೆ? ಒಬ್ಬರಿಗೆ ಎರಡು ಸಾಲು ಬರುತ್ತೆ, ಇನ್ನೊಬ್ಬರಿಗೆ ಮುಂದಿನ ಎರಡು." ಅಂದಿನಿಂದ ಕಂಪ್ಯೂಟರ್ ಬೆಳಗ್ಗೆ ತಿಂಡಿಗೆ ಮುಂಚೆಯೇ ಶುರುವಾಗುತ್ತಿತ್ತು. ಎಲ್ಲೋ ಮಲೇಶಿಯಾದಲ್ಲಿ ಯಾರೋ ನಲಂಗು ಹಾಡನ್ನು ಎಳೆದುಕೊಳ್ಳುತ್ತಿದ್ದರೆ ಅತ್ತೆ ಅಡುಗೆಮನೆಯಿಂದ ಬಂದು ಬಂದು ನೋಡುತ್ತಿದ್ದರು.

ಒಂದು ವಾರ ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಪೂರ್ತಿ ನಿಂತಿದ್ದರೆ ವಾಸಿಯಿತ್ತು. ನೂರಕ್ಕೆ ಒಂದರಷ್ಟು ಹೋಗಿ ತೂಕಡಿಸುತ್ತಿತ್ತು. ಅತ್ತೆ ಮೊದಲು ಕಂಪ್ಯೂಟರನ್ನು ಅನುಮಾನಿಸಿದರು, ಆಮೇಲೆ ತಂತಿಯನ್ನು, ಆಮೇಲೆ ತಂತಿಯ ಮೇಲೆ ಓಡಾಡುವ ಅಳಿಲನ್ನು. ಅಳಿಲು ನಿರಪರಾಧಿ ಎಂದು ಗೊತ್ತಾದ ಮೇಲೆ ಪರೀಕ್ಷೆ ಶುರುಮಾಡಿದರು. ಒಂದು ಪುಟ್ಟ ಲಾಲಿ ಹಾಡನ್ನು ಮೇಲ್‌ನಲ್ಲಿ ಕಳಿಸಿದರೆ ಅರ್ಧ ನಿಮಿಷ. ಅದೇ ಹಾಡನ್ನು ಹಂಚಿಕೆಯ ದಾರಿಯಲ್ಲಿ ಕಳಿಸಿದರೆ ಒಂದೂವರೆ ಗಂಟೆ. ಒಂದು ಉದ್ದನೆಯ ರಿಜಿಸ್ಟರ್ ತಂದು ನಾಲ್ಕು ದಿನ ಹೊತ್ತುಹೊತ್ತಿಗೆ ಬರೆದರು. ಕೊನೆಗೆ ಪೆನ್ನು ಮುಚ್ಚಿ, "ಇದು ರಿಪೇರಿ ಅಲ್ಲ. ಯಾರೋ ಕೂತ್ಕೊಂಡು ಬೇಕಂತ ಹಿಡಿದಿದಾರೆ" ಎಂದರು.

ಕಂಪನಿಗೆ ಫೋನ್ ಮಾಡಿದರೆ ಒಬ್ಬಳು ಹುಡುಗಿ ಒಂದೇ ಉಸಿರಿನಲ್ಲಿ, ನಿಮ್ಮ ಲೈನ್ ಸರಿಯಾಗಿಯೇ ಇದೆ ಎಂದಳು. ಅತ್ತೆಗೆ ದೂರಿಗಿಂತ ಆ ಉಸಿರೇ ದೊಡ್ಡದಾಯಿತು. ಎಲ್ಲಿ ನಿಲ್ಲಿಸಬೇಕು, ಹೊಟ್ಟೆಯಿಂದ ಹೇಗೆ ಮಾತಾಡಬೇಕು, ಸಂಜೆಗೆ ಗಂಟಲು ಕಟ್ಟದಂತೆ ಏನು ಕುಡಿಯಬೇಕು ಎಂದು ಇಪ್ಪತ್ತು ನಿಮಿಷ ಪಾಠ ಮಾಡಿದರು. ಹುಡುಗಿ "ಥ್ಯಾಂಕ್ಸ್ ಆಂಟಿ, ಯಾರೂ ಇದನ್ನ ಹೇಳ್ಕೊಟ್ಟಿರ್ಲಿಲ್ಲ" ಎಂದು ಫೋನಿಟ್ಟಳು. ದೂರು ಬರೆದುಕೊಂಡಳೋ ಇಲ್ಲವೋ ಇಬ್ಬರೂ ಮರೆತಿದ್ದರು. ಉತ್ತರ ಮಾತ್ರ ಬಂತು, ನಾನು ಮೊದಲೇ ಹೇಳಿದ ಕಾಗದ: ನಿಮ್ಮ ಸಂಪರ್ಕದಿಂದ ಕದ್ದ ಸಾಮಗ್ರಿಯ ಹಂಚಿಕೆ ನಡೆಯುತ್ತಿರುವ ಅನುಮಾನವಿದೆ.

ಇದು ಅತ್ತೆಯ ಹಟದ ವಿಷಯವಾಗಿಯೇ ಉಳಿಯುತ್ತಿತ್ತೇನೋ. ಆದರೆ ಆ ಮಂಗಳವಾರ ಶರಣಮ್ಮ ಕಾಲು ಮುರಿದುಕೊಂಡಳು.

ಶರಣಮ್ಮ ನಮ್ಮ ಹಿತ್ತಲಿನ ಕೋಣೆಯಲ್ಲಿ ಬಾಡಿಗೆಗಿದ್ದವಳು. ಯಾದಗಿರಿ ಕಡೆಯವಳು, ಕಟ್ಟಡದ ಕೆಲಸ. ಅವಳ ಸೋಬಾನೆ ಹಾಡುಗಳನ್ನು ಅತ್ತೆ ಒಂದು ಬೇಸಿಗೆಯಿಡೀ ಹಿಡಿದಿದ್ದರು. ಒಂದೊಂದೂ ಅರ್ಧ ಗಂಟೆಯ ಹಾಡು. ಪುಣೆಯಲ್ಲಿ ಗಾರೆ ಕೆಲಸಕ್ಕಿದ್ದ ತಂಗಿಯ ಮಗಳ ಮದುವೆ ಆ ಭಾನುವಾರ. ಶನಿವಾರ ಸಂಜೆ ಅರಿಶಿನ. ಅಲ್ಲಿ ಹಾಡು ಬರುವವರು ಯಾರೂ ಇಲ್ಲ, ದೊಡ್ಡಮ್ಮನೇ ಬಂದು ಹಾಡಬೇಕು. ದೊಡ್ಡಮ್ಮ ಕೃಷ್ಣರಾಜಪುರದ ಕಟ್ಟಡವೊಂದರ ಮೆಟ್ಟಿಲಿನಿಂದ ಜಾರಿ, ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಳು.

"ನಂಗ ಹೋಗ್ಲಾಕ ಆಗಲ್ರಿ ಅಕ್ಕಾರ. ಹಾಡಿಲ್ಲದ ಅರಿಶಿಣ ಹಚ್ತಾರೇನ್ರಿ?" ಎಂದು ಗೋಡೆ ಕಡೆ ತಿರುಗಿ ಮಲಗಿದಳು.

ಕೊರಿಯರ್‌ನವರು ಸಿಡಿಯನ್ನು ಸೋಮವಾರ ತಲುಪಿಸುತ್ತೇವೆ ಎಂದರು. ಅಷ್ಟುದ್ದದ ಹಾಡುಗಳು ಮೇಲ್‌ನಲ್ಲಿ ಹಿಡಿಸುವುದಿಲ್ಲ. ಉಳಿದದ್ದು ಹಂಚಿಕೆಯ ದಾರಿಯೊಂದೇ. ಪುಣೆಯ ತಂಗಿ ಅಲ್ಲಿನ ಸೈಬರ್ ಸೆಂಟರ್‌ನವರನ್ನು ಒಪ್ಪಿಸಿದ್ದಳು. ಇಲ್ಲಿಂದ ಹೊರಟರೆ ಸಾಕು, ಆದರೆ ಹೊರಡುವುದೆಲ್ಲಿ?

ಶುಕ್ರವಾರ ಅತ್ತೆ ರೇಷ್ಮೆ ಸೀರೆ ಉಟ್ಟು, ರಿಜಿಸ್ಟರ್ ಬಗಲಲ್ಲಿಟ್ಟು, ನನ್ನನ್ನೂ ಆಟೋಗೆ ಹತ್ತಿಸಿಕೊಂಡು ಇಂದಿರಾನಗರದ ಆ ಕಂಪನಿಯ ಆಫೀಸಿಗೆ ಹೊರಟರು. ಮ್ಯಾನೇಜರ್ ಮೂವತ್ತರ ಆಸುಪಾಸಿನವನು, ಟೈ ಕಟ್ಟಿಕೊಂಡು ಕಂಗಾಲಾಗಿದ್ದ. ರಿಜಿಸ್ಟರಿನ ಎರಡು ಪುಟ ನೋಡುವ ಹೊತ್ತಿಗೆ, ಲೈನ್ ಸರಿಯಾಗಿದೆ ಎನ್ನುವ ಮಾತನ್ನು ಕೈಬಿಟ್ಟ.

"ನೋಡಿ ಮೇಡಂ, ಆ ಫೈಲ್ ಹಂಚಿಕೆ ಟ್ರಾಫಿಕ್‌ನ ಸ್ವಲ್ಪ ಸ್ಲೋ ಮಾಡ್ತೀವಿ, ನಿಜ. ಅದ್ರಲ್ಲಿ ಹೋಗೋದೆಲ್ಲ ಕದ್ದ ಸಿನಿಮಾನೇ. ನೀವೇನು ಕಳಿಸ್ತಿದೀರ ಹೇಳಿ, ನೋಡೋಣ."

ಸೋಬಾನೆ ಹಾಡು ಎಂದು ನಾನು ಬಾಯಿ ತೆರೆದೆ. ಅತ್ತೆ ನನ್ನ ಕಾಲು ತುಳಿದರು. "ಅದನ್ನ ನೀವು ಕೇಳೋ ಹಾಗಿಲ್ಲ" ಎಂದರು.

ಒಂದೇ ಒಂದು ಮಾತು, ಮದುವೆಯ ಹಾಡು ಎಂದರೆ ಕೆಲಸ ಮುಗಿಯುತ್ತದೆ. ಆದರೆ ಆಡುವುದಿಲ್ಲ! ಮ್ಯಾನೇಜರ್‌ಗೆ ಈಗ ಖಾತ್ರಿಯಾಯಿತು, ರೇಷ್ಮೆ ಸೀರೆಯ ಈ ಹೆಂಗಸು ಭಾರೀ ಕಳ್ಳಿ ಎಂದು.

"ಮೂವತ್ತೊಂದು ವರ್ಷ ಟ್ರಂಕ್ ಬೋರ್ಡಲ್ಲಿ ಲೈನ್ ಕೊಟ್ಟಿದೀನಿ. ಸಾವಿನ ಸುದ್ದಿನಾ, ನಾಮಕರಣನಾ ಅಂತ ಯಾರನ್ನೂ ಕೇಳಿಲ್ಲ" ಎಂದರು ಅತ್ತೆ.

ಅವನೂ ದಡ್ಡನಲ್ಲ. "ಆದ್ರೆ ಮೇಡಂ, ನಮ್ಮ ತಾತ ಹೇಳ್ತಿದ್ರು, ಆಗ ಲೈಟ್ನಿಂಗ್ ಕಾಲ್ ಅಂತ ಒಂದಿತ್ತಂತೆ. ಅದು ಬಂದ್ರೆ ಸಾಮಾನ್ಯದವರನ್ನ ಕಾಯಿಸಿ ಮೊದಲು ಅವರಿಗೆ ಕೊಡ್ತಿದ್ರಂತೆ. ನೀವು ಮಾಡಿದ್ದೂ ಇದೇ ಅಲ್ವಾ?"

ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ನಿಧಾನವಾಗಿ ಮಾತಾಡಿದರು.

"ಮಾಡಿದೀನಪ್ಪಾ. ಒಂದ್ಸಲ ಒಬ್ಬಮ್ಮ ರಾಯಚೂರಿಗೆ ಬುಕ್ ಮಾಡಿದ್ರು. ಸಾಮಾನ್ಯದ ಕಾಲು. ತಾಯಿಗೆ ತುಂಬಾ ಹುಷಾರಿಲ್ಲ, ಬೇಗ ಕೊಡಿ ಅಂತ ಅವರೇ ಹೇಳಿದ್ರು. ಲೈನ್ ಸಿಕ್ಕಿತ್ತು, ಪ್ಲಗ್ ನನ್ನ ಕೈಯಲ್ಲೇ ಇತ್ತು. ಅಷ್ಟರಲ್ಲಿ ಯಾರೋ ದೊಡ್ಡವರದ್ದು ಲೈಟ್ನಿಂಗ್ ಬಂತು. ರೂಲು. ಕೊಟ್ಟೆ. ಸರಿಯಾಗಿ ಕೇಳಿಸ್ತಿದ್ಯಾ ಅಂತ ಒಂದ್ಸಲ ಕಿವಿಗೊಡ್ಬೇಕು ನಾವು. ಮಾವಿನಹಣ್ಣಿನ ಬುಟ್ಟಿ ಬಗ್ಗೆ ಮಾತಾಡ್ತಿದ್ರು. ಹನ್ನೊಂದು ನಿಮಿಷ. ಆಮೇಲೆ ಆ ಅಮ್ಮಂಗೆ ಲೈನ್ ಕೊಟ್ಟೆ. ಆ ಕಡೆಯಿಂದ, ಈಗ್ತಾನೆ ಹೋಗ್ಬಿಟ್ರು ಅಂದ್ರು."

ಬಿಲ್ ಕಟ್ಟಲು ಸಾಲಿನಲ್ಲಿ ನಿಂತವರೂ ಇತ್ತ ತಿರುಗಿದ್ದರು.

"ಅದು ಸರಿ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಆದ್ರೂ ಆ ಅಮ್ಮಂಗೆ ನಾನು ಹೇಳಿದ್ದೆ, ಲೈಟ್ನಿಂಗ್ ಬಂದಿದೆ, ಕಾಯ್ಬೇಕು ಅಂತ. ನೀವು ಅದನ್ನೂ ಹೇಳಲ್ಲ. ಹಿಂದಿನಿಂದ ಹಿಡ್ಕೊಂಡು, ಮುಂದೆ ಬಂದು ಲೈನ್ ಸರಿಯಾಗಿದೆ ಅಂತೀರ."

ಮ್ಯಾನೇಜರ್ ರಿಜಿಸ್ಟರನ್ನು ಮೆಲ್ಲಗೆ ಮುಚ್ಚಿದ. ಏನು ಕಳಿಸುತ್ತೀರಿ ಎಂದು ಮತ್ತೆ ಕೇಳಲಿಲ್ಲ. "ನಿಮ್ಮ ಬೀದಿಯ ಬಾಕ್ಸ್‌ನಲ್ಲಿ ಆ ತಡೇನ ಸೋಮವಾರದವರೆಗೆ ತೆಗೆಸ್ತೀನಿ ಮೇಡಂ. ಉಳಿದದ್ದು ನನ್ನ ಕೈಲಿಲ್ಲ. ಆದ್ರೆ ಸ್ಲೋ ಮಾಡ್ತೀವಿ ಅನ್ನೋದನ್ನ ಇಲ್ಲಿ ಬರೆದು ಅಂಟಿಸ್ತೀನಿ." ಅಂಟಿಸಿಯೂ ಬಿಟ್ಟ. ಅವನು ಬರೆದದ್ದರಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ಅತ್ತೆ ಅವನ ಪೆನ್ನೇ ತೆಗೆದುಕೊಂಡು ತಿದ್ದಿದ ಮೇಲೆಯೇ ಆಟೋ ಹತ್ತಿದ್ದು.

ಶನಿವಾರ ಬೆಳಗ್ಗೆ ದಾರಿ ತೆರೆಯಿತು. ತೆರೆದದ್ದು ಬೀದಿಗೆಲ್ಲ ತಾನೆ? ಹತ್ತು ಗಂಟೆಯ ಹೊತ್ತಿಗೆ ಬೀದಿಗೆಲ್ಲ ಗೊತ್ತಾಯಿತು. ಎದುರು ಮನೆಯ ಹಲ್ಲಿನ ಡಾಕ್ಟರು, ಮೂಲೆಮನೆಯ ಮೂವರು ಎಂಜಿನಿಯರುಗಳು, ಬ್ಯಾಂಕಿನ ಆಫೀಸರು, ಎಲ್ಲರೂ ಏಕಕಾಲಕ್ಕೆ ಸಿನಿಮಾ ಇಳಿಸಲು ಕೂತರು. ನಮ್ಮ ಸೋಬಾನೆ ಮತ್ತೆ ತೂಕಡಿಸತೊಡಗಿತು. ಆ ಮ್ಯಾನೇಜರ್ ಹೇಳಿದ್ದರಲ್ಲೂ ಸ್ವಲ್ಪ ನಿಜವಿತ್ತಲ್ಲ ಎಂದೆ. ಅತ್ತೆ ನನ್ನನ್ನು ಒಂದು ಸಲ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮನೆಮನೆಯ ಬಾಗಿಲು ತಟ್ಟಿದರು.

"ಒಂದೆರಡು ಗಂಟೆ ನಿಲ್ಲಿಸ್ರಪ್ಪಾ. ಪುಣೆಗೆ ಮದುವೆ ಹಾಡು ಹೋಗ್ಬೇಕು, ಸಂಜೆ ಅರಿಶಿನ."

ಕಂಪನಿಗೆ ಹೇಳದ ಗುಟ್ಟನ್ನು ಬೀದಿಗೆಲ್ಲ ಸಾರಿಬಿಟ್ಟರು. ಆಮೇಲೆ ಕೇಳಿದ್ದಕ್ಕೆ, "ಅವರು ಕೇಳಿದ್ದು, ಇವರಿಗೆ ನಾನೇ ಹೇಳಿದ್ದು" ಎಂದರು. ಡಾಕ್ಟರು ತಕ್ಷಣ ನಿಲ್ಲಿಸಿದರು. ಬ್ಯಾಂಕಿನವರು ಕ್ಲೈಮ್ಯಾಕ್ಸ್ ಮಾತ್ರ ಬಾಕಿ ಇದೆ ಎಂದು ಗೊಣಗಿ ನಿಲ್ಲಿಸಿದರು. ಎಂಜಿನಿಯರುಗಳು ಇನ್ನೂ ಮುಂದೆ ಹೋಗಿ, ಹಾಡುಗಳನ್ನು ತಾವೂ ಇಳಿಸಿಕೊಂಡು ತಮ್ಮ ಮೂರು ಕಂಪ್ಯೂಟರುಗಳಿಂದಲೂ ಪುಣೆಗೆ ತಳ್ಳತೊಡಗಿದರು. "ಆಂಟಿ, ನಮ್ ಕಡೆಯಿಂದ್ಲೂ ಹೋಗ್ತಿದೆ, ಟೆನ್ಷನ್ ತಗೋಬೇಡಿ" ಎಂದು ಕಿಟಕಿಯಿಂದ ಕೂಗಿದರು. ಮಧ್ಯಾಹ್ನ ಎರಡಕ್ಕೆ ಸೈಬರ್ ಸೆಂಟರಿನಿಂದ ಫೋನ್ ಬಂತು: ಎಲ್ಲ ಹಾಡುಗಳೂ ತಲುಪಿದವು, ಮೈಕ್ ಸೆಟ್‌ನವನೂ ಸಿಕ್ಕಿದ್ದಾನೆ.

ಸಂಜೆ ಶರಣಮ್ಮ ಹಿತ್ತಲಿನಲ್ಲಿ ಪ್ಲಾಸ್ಟರಿನ ಕಾಲು ನೀಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಒಂದು ಬಟ್ಟಲು ತುಂಬ ಅರಿಶಿನ ಕಲಸಿಟ್ಟುಕೊಂಡಿದ್ದಳು. ಯಾಕೆ ಎಂದು ನನಗೆ ಹೊಳೆಯಲಿಲ್ಲ.

"ಅಕ್ಕಾರ, ಜರಾ ಇಲ್ಲಿ ಕುಂಡ್ರಿ."

"ನನಗ್ಯಾಕಮ್ಮಾ?"

"ಹುಡುಗಿಗಿ ಹಚ್ಚಬೇಕಂತ ಆಸಿ ಇತ್ರಿ. ಅಲ್ಲಿತನ ನನ್ನ ಕೈ ಹೋಗಲ್ಲಲ್ರಿ. ಕುಂಡ್ರಿ ನೀವು."

ಅತ್ತೆ ಮದುವೆಯಾಗಿರಲಿಲ್ಲ. ಯಾಕೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅರವತ್ತೆರಡು ವರ್ಷದ ಮುಖಕ್ಕೆ ಅರಿಶಿನ ಹಚ್ಚುತ್ತೇನೆ ಎಂದರೆ ಅವರು ನಗುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡೆ. ಅತ್ತೆ ಸೆರಗು ಸರಿಮಾಡಿಕೊಂಡು, ಮಣೆ ಎಳೆದುಕೊಂಡು ಶರಣಮ್ಮನೆದುರು ಕೂತರು.

ಶರಣಮ್ಮ ಒಂದು ಕೆನ್ನೆಗೆ ಅರಿಶಿನ ಹಚ್ಚುತ್ತ ಹಾಡಲು ಶುರುಮಾಡಿದಳು. ಆ ಹಾಡಿನಲ್ಲಿ ಮದುಮಗಳ ಹೆಸರು ಹಿಡಿದು ಕರೆಯುವ ಒಂದು ಸಾಲಿದೆ. ಅಲ್ಲಿಗೆ ಬಂದಾಗ ಶರಣಮ್ಮ ಅತ್ತೆಯ ಹೆಸರು ಹೇಳಿದಳು. ಅತ್ತೆ ತಲೆ ತಗ್ಗಿಸಿ ಕೂತಿದ್ದರು. ಸಾಲು ಮುಗಿದ ಮೇಲೆ ಮೆಲ್ಲಗೆ ಇನ್ನೊಂದು ಕೆನ್ನೆಯನ್ನು ತಾವೇ ತಿರುಗಿಸಿ ಕೊಟ್ಟರು.